ತೋಟಾ ಉಗುಳದ ಪಿಸ್ತೂಲು

ಪಿಸ್ತೂಲು ಒಮ್ಮೆ 'ಠಪ್' ಎಂದಿತು. ಎರಡನೆಯ 'ಠಪ್' ಬರಲೇ ಇಲ್ಲ.

ತೃಷಾ ಕೈ ಇಳಿಸಿ ನೋಡಿದಳು. ಗುಂಡೇನೋ ಹೋಗಿತ್ತು. ಆದರೆ ಖಾಲಿ ತೋಟಾ ಹೊರಗೆ ಹಾರಿರಲಿಲ್ಲ. ಪಿಸ್ತೂಲಿನ ಕಿಂಡಿಯಲ್ಲೇ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಒಂದು ವಾರದಿಂದ ಬೆಳಗಿನ ಅಭ್ಯಾಸದಲ್ಲಿ ಇದೇ ಹಾಡು.

ಮೂಡುಬಿದಿರೆಯ ಆ ಶೂಟಿಂಗ್ ಕ್ಲಬ್ಬಿನಿಂದ ರಾಜ್ಯಮಟ್ಟಕ್ಕೆ ಹೋಗುವ ಅವಕಾಶ ಒಬ್ಬಳಿಗೆ ಮಾತ್ರ. ಭಾನುವಾರ ಸ್ಪರ್ಧೆ. ಕಣದಲ್ಲಿದ್ದವರು ಇಬ್ಬರೇ: ಬೆಳ್ತಂಗಡಿ ಕಡೆಯ ತೃಷಾ, ಫರಂಗಿಪೇಟೆಯ ಸಾತ್ವಿಕಾ. ಮೊನ್ನೆ ಮೊನ್ನೆಯವರೆಗೂ ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಈಗ ಮಾತಿಲ್ಲ.

ಕೋಚ್ ಉಜ್ವಲ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಠಾಣೆಗೆ ಫೋನ್ ಮಾಡಿಯೇ ಬಿಟ್ಟ. ಲೈಸೆನ್ಸಿನ ಆಯುಧಕ್ಕೆ ಯಾರೋ ಕೈ ಹಾಕಿದ್ದಾರೆ ಎಂದ ಮೇಲೆ ಪೊಲೀಸರು ಸುಮ್ಮನೆ ಕೂರುವ ಹಾಗಿಲ್ಲ. ಎಸ್‌ಐ ಜಲಜಾಕ್ಷಿ ಚಹಾ ಅರ್ಧಕ್ಕೇ ಬಿಟ್ಟು ಬಂದು, ಕಿಂಡಿಯಲ್ಲಿ ಇನ್ನೂ ಸಿಕ್ಕಿಕೊಂಡೇ ಇದ್ದ ತೋಟಾವನ್ನು ಬಗ್ಗಿ ನೋಡಿದಳು. ಚಹಾ ಅರ್ಧಕ್ಕೆ ಬಿಟ್ಟ ದಿನ ಅವಳ ಮುಂದೆ ಸುಳ್ಳು ಹೇಳುವವರು ಕಡಿಮೆ.

"ಯಾರ ಮೇಲೆ ಸಂಶಯ?"

"ಸಂಶಯ ಎಂತದ್ದು ಮೇಡಮ್, ಸಾತ್ವಿಕಾಳೇ. ನಿನ್ನೆ ಸಂಜೆ ತೃಷಾಳ ಪೆಟ್ಟಿಗೆ ತೆರೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಅವಳ ಹೆಸರು ತೆಗೆದು ಹಾಕ್ತೇನೆ. ಭಾನುವಾರ ಅವಳು ಬರುವುದೇ ಬೇಡ."

"ತೋಟಾ ಸಿಕ್ಕಿಕೊಳ್ಳಲಿಕ್ಕೆ ಶುರುವಾದದ್ದು ಯಾವಾಗ?"

"ವಾರ ಆಯ್ತು."

"ನಿನ್ನೆ ತೆರೆದ ಪೆಟ್ಟಿಗೆ ಹೋದ ವಾರದ ತಪ್ಪು ಹೇಗೆ ಮಾಡಿತು ಮಾರಾಯ್ರೆ?"

ಉಜ್ವಲ್ ಬೆರಳು ಮಡಚಿ ದಿನ ಎಣಿಸಿದ.

ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕ ಮುದುರಿ ಕೂತಿದ್ದ. ತೃಷಾಳ ಅಜ್ಜ ಕೂಸಪ್ಪ. ಅವಳ ಅಪ್ಪ ಗಲ್ಫಿನಲ್ಲಿ. ದಿನಾ ಬಸ್ಸು ಹತ್ತಿಸಿ ಕರೆತರುವವ ಅಜ್ಜನೇ. ಬ್ರಷ್ಷು, ಬಟ್ಟೆ ಅವನ ಚೀಲದಲ್ಲಿ. ಪಿಸ್ತೂಲಿನ ಎಣ್ಣೆಯ ಪುಟ್ಟ ಬಾಟಲಿ ಅಂಗಿಯ ಕಿಸೆಯಲ್ಲಿ, ಎದೆಗೆ ಅಂಟಿಕೊಂಡೇ ಇರುತ್ತಿತ್ತು.

"ಸಾತ್ವಿಕಾ ಅಂಥವಳಲ್ಲ ಮೇಡಮ್," ಎಂದಳು ತೃಷಾ, ಮೆಲ್ಲಗೆ.

"ಮತ್ತೆ ಅವಳ ಹತ್ತಿರ ಮಾತು ಬಿಟ್ಟದ್ದು ಯಾಕೆ?"

ಪಾಪ, ಅನುಮಾನ ಒಮ್ಮೆ ಹೊಕ್ಕರೆ ಅಷ್ಟು ಸುಲಭಕ್ಕೆ ಹೊರಬೀಳುತ್ತದೆಯೇ?

*

ಜಲಜಾಕ್ಷಿ ಬೇರೆ ಕೆಲಸ ಮುಗಿಸಿ ಮಧ್ಯಾಹ್ನ ಮತ್ತೆ ಬಂದಳು. ತಗಡಿನ ಮಾಡಿನ ಕೆಳಗೆ ಕಾವಲಿಯಂಥ ಬಿಸಿ.

"ಖಾಲಿ ತೋಟಾ ಹಾರದಿದ್ದರೆ ಏನೇನು ಕಾರಣ ಉಂಟು?"

ಉಜ್ವಲ್ ಹೇಳಿದ. ತೋಟಾದ ಮದ್ದಿನಲ್ಲಿ ಬಲವಿಲ್ಲದಿರಬಹುದು. ಹಿಡಿದವರ ಮಣಿಕಟ್ಟು ಸಡಿಲವಿರಬಹುದು. ತೋಟಾ ತುಂಬುವ ಮ್ಯಾಗಜೀನ್ ಬಗ್ಗಿರಬಹುದು. ಖಾಲಿ ತೋಟಾವನ್ನು ಹಿಡಿದೆಳೆಯುವ ಸಣ್ಣ ಕೊಕ್ಕೆ ಸವೆದಿರಬಹುದು.

"ಒಂದೊಂದಾಗಿ ನೋಡುವ."

ಮೊದಲು ಬೆಳಗಿನ ಪೆಟ್ಟಿಗೆಯದೇ ತೋಟಾ. ತೃಷಾ ಹೊಡೆದಳು. ಠಪ್, ಠಪ್, ಠಪ್. ಖಾಲಿ ತೋಟಾಗಳು ಅರಳು ಸಿಡಿದ ಹಾಗೆ ಹಾರಿ ಬಿದ್ದವು. ಬಳಿಕ ಉಜ್ವಲ್ ಹೊಡೆದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಕೊಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಹೊಸದರ ಹಾಗಿತ್ತು.

"ದೇವರಾಣೆ ಮೇಡಮ್, ಬೆಳಿಗ್ಗೆ ಸಿಕ್ಕಿಕೊಂಡಿತ್ತು," ಎಂದ ಉಜ್ವಲ್, ಬೆವರು ಒರೆಸುತ್ತ.

"ನಾನೂ ನೋಡಿದ್ದೇನೆ, ಆಣೆ ಬೇಡ."

ತೃಷಾಳ ಪಿಸ್ತೂಲಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹೊಚ್ಚ ಹೊಸ ಮ್ಯಾಗಜೀನ್ ಇತ್ತು. ತೃಷಾಳದ್ದಲ್ಲ. ಜಲಜಾಕ್ಷಿ ಸಾತ್ವಿಕಾಳನ್ನು ಹೊರಗೆ ಕರೆದು ಕೈಯಲ್ಲಿಟ್ಟಳು. ಹುಡುಗಿಯ ಕಣ್ಣು ತುಂಬಿ ಬಂತು.

"ನನ್ನದೇ. ಅವಳ ಮ್ಯಾಗಜೀನ್ ಹಾಳಾಗಿರ್ಬೇಕು ಅಂತ ಅನ್ನಿಸಿತು. ಎದುರಿಗೆ ಕೊಟ್ರೆ ಅವಳು ಮುಟ್ಟುವುದಿಲ್ಲ. ಹಾಗೆ ಇಟ್ಟು ಬಂದೆ."

"ಅವಳದ್ದು ಕೆಟ್ರೆ ನಿನಗೇ ಲಾಭ ಅಲ್ವಾ?"

"ಅವಳ ಪಿಸ್ತೂಲು ಕೆಟ್ಟು ನಾನು ಗೆದ್ರೆ ಅದು ಎಂತ ಗೆಲುವು ಮೇಡಮ್?"

ಜಲಜಾಕ್ಷಿಯ ಚಹಾದ ಸಿಟ್ಟು ಅಲ್ಲಿಗೆ ಇಳಿಯಿತು. ಈ ಹುಡುಗಿ ಅಲ್ಲ. ಹಾಗಾದರೆ ಯಾರು?

"ದಿನಾ ರಾತ್ರಿ ಪಿಸ್ತೂಲು ಇಡುವ ಅಲ್ಮೇರಾದೊಳಗೇ ಎಲ್ಲ ಇಡಿ, ಸೀಲ್ ಮಾಡ್ತೇನೆ," ಎಂದಳು. "ಪಿಸ್ತೂಲು, ಬ್ರಷ್ಷು, ಎಣ್ಣೆ, ಎಲ್ಲ."

ಕೂಸಪ್ಪಜ್ಜ ಕಿಸೆಯ ಮೇಲೆ ಕೈಯಿಟ್ಟ. "ಇದೂ ಬೇಕಾ ಅಮ್ಮಾ?"

"ಬೇಕು ಅಜ್ಜ."

ಬಾಟಲಿ ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಮೇಲೆ ಕಂಪನಿಯ ಚೀಟಿ, ಒಳಗೆ ತಿಳಿ ಎಣ್ಣೆ. ಅದನ್ನೂ ಒಳಗಿಟ್ಟು ಬೀಗ ಜಡಿದಳು.

*

ಮರುದಿನ ಬೆಳಿಗ್ಗೆ ಬಂಟ್ವಾಳದ ತನ್ನ ಮನೆಯಲ್ಲಿ ಜಲಜಾಕ್ಷಿ ಟೋಪಿ ಹುಡುಕುತ್ತಿದ್ದಾಗ ಅಮ್ಮನ ಬೈಗುಳ ಶುರುವಾಯಿತು.

"ಒಣತಲೆಯಲ್ಲಿ ಹೋಗ್ಬೇಡ ಮಾರಾಯ್ತಿ! ಸ್ವಲ್ಪ ನಿಲ್ಲು. ಎಣ್ಣೆ ಗಟ್ಟಿಯಾಗಿದೆ, ಬಿಸಿಲಿಗೆ ಇಟ್ಟಿದ್ದೇನೆ. ಎಂತ ಚಳಿ ಈ ವಾರ!"

ಮೆಟ್ಟಿಲ ಮೇಲೆ ತೆಂಗಿನೆಣ್ಣೆಯ ಬಾಟಲಿ ಇತ್ತು. ಬಿಸಿಲು ಬಿದ್ದ ಕಡೆ ನೀರು, ನೆರಳಿನ ಕಡೆ ಬೆಳ್ಳಗೆ ಗಟ್ಟಿ.

ಜಲಜಾಕ್ಷಿ ನಿಂತಲ್ಲೇ ನಿಂತಳು. ಈ ವಾರ ಚಳಿ. ಬೆಳಿಗ್ಗೆ ಸಿಕ್ಕಿಕೊಳ್ಳುತ್ತದೆ, ಮಧ್ಯಾಹ್ನ ಹಾರುತ್ತದೆ.

"ಅಬ್ಬಾ, ನನ್ನ ಮಂಡೆಯೇ!" ಎಂದು ಜೀಪಿಗೆ ಓಡಿದಳು. ಒಣತಲೆಯಲ್ಲೇ.

*

ಎಲ್ಲರ ಎದುರು ಸೀಲ್ ಒಡೆದಳು. ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಒಳಗಿನ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು.

"ಪಿಸ್ತೂಲಿನ ಎಣ್ಣೆ ನಮ್ಮೂರ ಚಳಿಗೆ ಹೀಗಾಗುವುದಿಲ್ಲ," ಎಂದಳು. "ಇದು ತೆಂಗಿನೆಣ್ಣೆ. ಅಲ್ಮೇರಾದ ತಣ್ಣನೆ ಕಬ್ಬಿಣದೊಳಗೆ ಇಡೀ ರಾತ್ರಿ ಇದ್ರೆ ಪಿಸ್ತೂಲಿನ ಸಂದಿಯಲ್ಲೂ ಹೀಗೇ ಗಟ್ಟಿಯಾಗ್ತದೆ. ಕೊಕ್ಕೆ ಅಲುಗುವುದಿಲ್ಲ, ಮೇಲಿನ ಭಾಗ ಪೂರ್ತಿ ಹಿಂದೆ ಸರಿಯುವುದಿಲ್ಲ, ತೋಟಾ ಅಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಕಾವಿಗೆ ಎಣ್ಣೆ ಕರಗಿತು, ಎಲ್ಲ ಸರಿಯಾಯ್ತು. ಬಾಟಲಿ ಸದಾ ಮೈಗೆ ತಾಗಿಕೊಂಡೇ ಇದ್ದದ್ದು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ."

"ವಾಸನೆ ಬರಬೇಕಿತ್ತಲ್ಲ?" ಎಂದ ಉಜ್ವಲ್.

"ಇಲ್ಲಿ ಎಲ್ಲರ ತಲೆಯೂ ಅದೇ ವಾಸನೆ ಮಾರಾಯ್ರೆ. ಯಾರ ಮೂಗಿಗೆ ಹೊಸತು?"

ಬೆಂಚಿನಿಂದ ಕೂಸಪ್ಪಜ್ಜ ಎದ್ದು ನಿಂತ.

"ನಾನೇ ಅಮ್ಮಾ. ಆ ಕಂಪನಿ ಎಣ್ಣೆ ತಾಗಿ ಮಗುವಿನ ಬೆರಳ ಸಿಪ್ಪೆ ಏಳ್ತಿತ್ತು. ನೋಡ್ಲಿಕ್ಕೆ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಅದನ್ನು ಚೆಲ್ಲಿ ನಮ್ಮ ಮನೆಯ ಎಣ್ಣೆ ತುಂಬಿಸಿದೆ. ನಳಿಗೆಗೆ ಮದ್ದು ತುಂಬಿ ಹೊಡೆಯುವ ನನ್ನ ಕೇಪಿನ ಕೋವಿಗೆ ಆಯುಷ್ಯವಿಡೀ ಅದನ್ನೇ ಹಚ್ಚಿದ್ದು. ಒಂದು ದಿನ ಮೋಸ ಮಾಡಲಿಲ್ಲ."

"ನಿಮ್ಮ ಕೋವಿ ತೋಟಾ ಉಗುಳುವುದಿಲ್ಲ ಅಜ್ಜ," ಎಂದಳು ಜಲಜಾಕ್ಷಿ. "ಅದಕ್ಕೆ ಯಾವ ಎಣ್ಣೆಯಾದ್ರೂ ನಡೀತದೆ."

ಅಜ್ಜ ಸಾತ್ವಿಕಾಳ ಎದುರು ಹೋಗಿ ಕೈ ಮುಗಿದ. "ನನ್ನ ತಪ್ಪು ನಿನ್ನ ತಲೆಗೆ ಬಂತಲ್ಲ ಮಗಾ."

ಸಾತ್ವಿಕಾ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡಳು. ತೃಷಾ ಓಡಿಬಂದು ಅವಳ ಭುಜಕ್ಕೆ ಮುಖವಿಟ್ಟು ಬಿಕ್ಕಿದಳು.

"ಮೇಡಮ್, ದೂರು?" ಎಂದ ಉಜ್ವಲ್, ಅಪರಾಧಿಯ ಹಾಗೆ.

"ತೆಂಗಿನೆಣ್ಣೆ ಮೇಲೆ ಎಫ್‌ಐಆರ್ ಹಾಕ್ಲಿಕ್ಕೆ ನನಗೆ ಬರುವುದಿಲ್ಲ. ನೀವು ಈ ಹುಡುಗಿಯ ಹತ್ತಿರ ಕ್ಷಮೆ ಕೇಳಿ. ಮತ್ತೆ ನನಗೊಂದು ಚಹಾ ತರಿಸಿ."

*

ಭಾನುವಾರ ಜಲಜಾಕ್ಷಿಗೆ ರಜೆ. ಆದರೂ ಬಂದಳು. ತೃಷಾಳ ಪಿಸ್ತೂಲನ್ನು ಬಿಚ್ಚಿ ತೊಳೆದು, ಸರಿಯಾದ ಎಣ್ಣೆ ಹಾಕಿದವಳು ಸಾತ್ವಿಕಾ. ತೃಷಾಳ ಬೆರಳಿಗೆ ಅದು ತಾಗಬಾರದಲ್ಲ.

ಚಳಿ ಹಾಗೇ ಇತ್ತು. ಇಬ್ಬರ ಪಿಸ್ತೂಲೂ ಒಂದೇ ಸಮ ತೋಟಾ ಉಗುಳಿದವು. ಕೂಸಪ್ಪಜ್ಜ ಗುರಿ ಹಲಗೆಯನ್ನು ನೋಡಲೇ ಇಲ್ಲ. ಖಾಲಿ ತೋಟಾ ಹಾರುವುದನ್ನೇ ನೋಡುತ್ತಿದ್ದ.

ಕೊನೆಯ ಸುತ್ತಿನಲ್ಲಿ ತೃಷಾಳ ಒಂದು ಗುಂಡು ತಪ್ಪಿತು. ಅವಕಾಶ ಸಾತ್ವಿಕಾಳ ಪಾಲಾಯಿತು.

ಅಜ್ಜನ ಮುಖ ಬಾಡಿತು. "ವಾರವಿಡೀ ನಿನ್ನ ಅಭ್ಯಾಸ ಹಾಳು ಮಾಡಿದೆ. ನನ್ನಿಂದಲೇ ಆಯ್ತಾ ಮಗಾ?"

"ಇಲ್ಲ ಅಜ್ಜ." ತೃಷಾ ಕಣ್ಣೊರೆಸಿಕೊಂಡು ಅವನ ಕಾಲ ಬಳಿ ನೆಲದಲ್ಲೇ ಕೂತಳು. "ಪಿಸ್ತೂಲಿನದ್ದೂ ಅಲ್ಲ, ನಿಮ್ಮದೂ ಅಲ್ಲ. ಇವತ್ತು ತಪ್ಪಿದ್ದು ನಾನೇ. ಬರುವ ವರ್ಷ ತಪ್ಪುವುದಿಲ್ಲ." ಕೂದಲು ಬಿಚ್ಚಿದಳು. "ಎಣ್ಣೆ ಉಂಟಾ?"

ಅಜ್ಜ ಕಿಸೆಯಿಂದ ಬಾಟಲಿ ತೆಗೆದ. ಬೆಚ್ಚಗಿತ್ತು. ಅಂಗೈಗೆ ಸುರಿದುಕೊಂಡು ಮೊಮ್ಮಗಳ ನೆತ್ತಿಗೆ ತಟ್ಟತೊಡಗಿದ.