ತಪ್ಪು ತುದಿಯಲ್ಲಿ ನಿಂತವನು

"ಹಾರಬೇಡಿ! ಹಾರಬೇಡಿ ಅಂದ್ನಲ್ಲಾ...!"

ಟಿಲ್ಡಾ ಕೂಗುವಷ್ಟರಲ್ಲಿ ಅವನು ದಡದಿಂದ ದೋಣಿಗೆ ಹಾರಿಯೇ ಬಿಟ್ಟಿದ್ದ. ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಒಳಗೆ ಕೂತಿದ್ದವರೆಲ್ಲ ಒಂದೇ ಸ್ವರದಲ್ಲಿ ಕಿರುಚಿದರು. ಹಿಂತುದಿಯ ಹಲಗೆಯ ಮೇಲೆ, ಉದ್ದನೆಯ ಕೋಲು ಹಿಡಿದು ನಿಂತಿದ್ದ ಟಿಲ್ಡಾ ಮಾತ್ರ ಒಂದಿಂಚೂ ಅಲ್ಲಾಡಲಿಲ್ಲ.

"ಕೇಂಬ್ರಿಜ್‌ಗೆ ಬಂದವರು ದೋಣಿ ಹತ್ತುತ್ತಾರೆ ಸ್ವಾಮಿ, ದೋಣಿ ಮೇಲೆ ದಾಳಿ ಮಾಡಲ್ಲ!"

"ಕ್ಷಮಿಸಿ... ಬಿಟ್ಟು ಹೋಗ್ತೀರೇನೋ ಅಂತ..."

ಅವನು ತಲೆಯೆತ್ತಿದ. ಬೂದು ಕಣ್ಣುಗಳು. ಕೆದರಿದ ಕೂದಲು. ಬೆರಳುಗಳ ತುಂಬ ಸಣ್ಣ ಸಣ್ಣ ಗಾಯದ ಗುರುತು.

'ಅಯ್ಯೋ... ಇಷ್ಟು ಚೆಂದ ಇರೋರು ಹೀಗೆಲ್ಲ ಹಾರಬಾರದಪ್ಪ!' ಅಂದುಕೊಂಡಳು ಟಿಲ್ಡಾ. ಮರುಕ್ಷಣವೇ ಕೋಲನ್ನು ಕೆಸರಿಗೆ ಊರಿ, ದೋಣಿಯನ್ನು ನದಿಯ ನಡುವಿಗೆ ತಳ್ಳಿದಳು. ಐದು ಬೇಸಿಗೆಯಿಂದ ಪ್ರವಾಸಿಗರಿಗೆ ಕಥೆ ಹೇಳುತ್ತ ದೋಣಿ ನಡೆಸುವವಳು ಅವಳು. ಬೂದು ಕಣ್ಣಿಗೆಲ್ಲ ಹೆದರುವ ಪೈಕಿಯಲ್ಲ.

"ಮೊದಲು ಒಂದು ಮುಖ್ಯವಾದ ಪ್ರಶ್ನೆ! ಆ ಇನ್ನೊಂದು ಊರಿನವರು ಯಾರಾದ್ರೂ ಇದ್ದೀರಾ? ಅದೇ... ಆಕ್ಸ್‌ಫರ್ಡ್. ಈ ನದಿ ಮೇಲೆ ಆ ಹೆಸರು ಹೇಳಿದ್ರೆ ಬಾತುಕೋಳಿಗಳು ಬೇಜಾರು ಮಾಡ್ಕೊಳ್ತವೆ. ಇದ್ರೆ ಈಗ್ಲೇ ಹೇಳ್ಬಿಡಿ, ನಡುನೀರಲ್ಲಿ ಇಳಿಸ್ತೀನಿ!"

ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

"ನೀವು ಎಲ್ಲಿಯವರು, ದಾಳಿಕೋರರೇ?"

"ನಾನಾ...? ಇಲ್ಲೇ... ಸ್ವಲ್ಪ ಪಶ್ಚಿಮಕ್ಕೆ."

ದೋಣಿ 'ನಿಟ್ಟುಸಿರಿನ ಸೇತುವೆ'ಯನ್ನು ದಾಟಿತು. ಕಿಂಗ್ಸ್ ಕಾಲೇಜಿನ ಚರ್ಚು, ಕಿಂಗ್ಸ್ ಚಾಪೆಲ್ ಬಂತು, ಎದುರಿನ ಹುಲ್ಲುಗಾವಲಿನಲ್ಲಿ ಹಸುಗಳು ಬಂದವು. ಮೊಬೈಲುಗಳೆಲ್ಲ ಆ ಕಡೆಗೆ ತಿರುಗಿದವು. ಅವನು ಮಾತ್ರ ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದ.

ಕೊನೆಯ ಸೇತುವೆಯ ಕೆಳಗೆ ಟಿಲ್ಡಾ ಯಾವಾಗಲೂ ತನ್ನ ಅಜ್ಜಿ ವಿನಿಫ್ರೆಡ್‌ಳ ಕಥೆ ಹೇಳುತ್ತಿದ್ದಳು. ಅಜ್ಜಿ ಕಾಲೇಜಿನ ಹುಡುಗರ ಕೋಣೆ ಗುಡಿಸಿ ಹಾಸಿಗೆ ಸರಿಮಾಡುವ ಕೆಲಸದವಳು. ಒಂದು ಬೆಳಗ್ಗೆ ನೋಡದೇ ಬಕೆಟ್ ನೀರನ್ನು ಸೇತುವೆಯಿಂದ ಸುರಿದುಬಿಟ್ಟಳು. ಕೆಳಗೆ ದೋಣಿಯಲ್ಲಿದ್ದ ಹುಡುಗ ಪೂರ್ತಿ ತೊಯ್ದುಹೋದ!

"ಮರುದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಅವನು ಮತ್ತೆ ಬಂದ. ಕೊಡೆ ಹಿಡ್ಕೊಂಡು! ಅವನೇ ನಮ್ಮ ತಾತ."

ದೋಣಿಯವರೆಲ್ಲ "ಆಹಾ..." ಅಂದರು. ಬೇರೆ ಕಥೆಗಳಲ್ಲಿ ಅರ್ಧ ಸುಳ್ಳಿರುತ್ತಿತ್ತು. ಇದೊಂದು ಮಾತ್ರ ಅಪ್ಪಟ ನಿಜ, ಅಪ್ಪಟ ಅವಳದು.

ಅವನ ಹೆಸರು ಜಾಸ್ಪರ್. ಒಂದು ಕಾಲೇಜಿನ ಚಾಪೆಲ್‌ನಲ್ಲಿ ಹಳೆಯ ಬಣ್ಣದ ಗಾಜುಗಳನ್ನು ರಿಪೇರಿ ಮಾಡಲು ಆ ಬೇಸಿಗೆಗೆ ಬಂದಿದ್ದ. ಇದೆಲ್ಲ ಟಿಲ್ಡಾಗೆ ಹೇಗೆ ಗೊತ್ತಾಯಿತು ಅಂತೀರಾ? ಅವನು ಮಾರನೇ ವಾರವೂ ಬಂದ. ಅದರ ಮುಂದಿನ ಎರಡು ವಾರವೂ ಬಂದ. ಸವಾರಿ ಮುಗಿದ ಮೇಲೆ ದಡದಲ್ಲಿ ಐಸ್‌ಕ್ರೀಮ್ ಕೊಡಿಸಿದ.

"ನೀವು ಮಾತು ನಿಲ್ಲಿಸೋದು ಯಾವಾಗ?" ಅಂತ ಕೇಳಿದ.

"ಐಸ್‌ಕ್ರೀಮ್ ಬಾಯಲ್ಲಿದ್ದಾಗ."

"ಹಾಗಾದ್ರೆ ಇನ್ನೊಂದು ಕೊಡಿಸಲ್ಲ."

ಆ ರಾತ್ರಿ ಟಿಲ್ಡಾ ದಿಂಬಿಗೆ ಮುಖವೊತ್ತಿ ನಕ್ಕಳು. ಇವನು ನನ್ನವನು! ಅವನಿಗಿನ್ನೂ ಗೊತ್ತಿಲ್ಲ ಅಷ್ಟೇ...

ಆದರೆ ಅವಳ ಜೊತೆ ಕೆಲಸ ಮಾಡುವ ಡೆಸ್ ಹುಬ್ಬು ಗಂಟಿಕ್ಕಿದ. ಕೂದಲು ನರೆತರೂ ನದಿ ಬಿಡದ ಮನುಷ್ಯ ಅವನು.

"ಚಿನ್ನ, ಒಂದು ಮಾತು ಹೇಳ್ಲಾ? ಒಂದೇ ಸವಾರಿಗೆ ಯಾವ ಪ್ರವಾಸಿಯಾದ್ರೂ ನಾಲ್ಕು ಸಲ ಬರ್ತಾನಾ?"

"ಬಂದ್ರೆ ಏನಂತೆ?"

"ಎದುರು ಕಂಪನಿಯ ಹಸಿರು ಟೋಪಿಯವರು ಹೊಸ ಹುಡುಗರನ್ನ ಹೀಗೇ ಕಳಿಸ್ತಾರೆ ಕಣೇ. ಬಂದು ಕೂತು ನಮ್ಮ ಕಥೆ ಬಾಯಿಪಾಠ ಮಾಡ್ಕೊಂಡು ಹೋಗ್ತಾರೆ. ನೀನೂ ಹಾಗೇ ಅಲ್ವಾ ಕಲ್ತಿದ್ದು?"

ಹೌದು. ಮೊದಲ ವರ್ಷ ಅವಳೂ ಹಾಗೆಯೇ ಕಲಿತಿದ್ದಳು.

ಶುಕ್ರವಾರ ಮಧ್ಯಾಹ್ನ ಕೊನೆಯ ಸೇತುವೆಯ ಹತ್ತಿರ ಹಸಿರು ಟೋಪಿಯ ಹುಡುಗನೊಬ್ಬನ ದೋಣಿ ಎದುರಾಯಿತು. ಅವನು ಎದೆಯುಬ್ಬಿಸಿ ಹೇಳುತ್ತಿದ್ದ:

"...ಮರುದಿನ ಕೊಡೆ ಹಿಡ್ಕೊಂಡು ಬಂದ! ಅವರೇ ನಮ್ಮ ತಾತ!"

ಅವನ ತಾತ?!

ಟಿಲ್ಡಾಳ ಕಿವಿ ಗುಂಯ್ ಅಂದಿತು. ದಡಕ್ಕೆ ಬಂದಾಗ ಜಾಸ್ಪರ್ ಎರಡು ಐಸ್‌ಕ್ರೀಮ್ ಹಿಡಿದು ನಿಂತಿದ್ದ. ನಗುತ್ತಿದ್ದ!

"ಎಷ್ಟು ದಿನದಿಂದ ಅವರ ಹತ್ರ ಕೆಲಸ ಮಾಡ್ತಿದೀಯ?"

"ಯಾರ ಹತ್ರ?"

"ನಾಟಕ ಬೇಡ! ಊರು ಯಾವುದು ಅಂದ್ರೆ ಪಶ್ಚಿಮ ಅಂತೀಯ. ಪಶ್ಚಿಮ ಒಂದು ಊರಾ? ನಾಲ್ಕು ಸಲ ಬಂದು ಕೂತೆ. ನನ್ನ ಅಜ್ಜಿ ಕಥೆ ಈಗ ಹಸಿರು ಟೋಪಿ ಹಾಕ್ಕೊಂಡು ಓಡಾಡ್ತಿದೆ! ಬೇರೆ ಯಾವ ಕಥೆ ಬೇಕಾದ್ರೂ ಕದಿಯಬಹುದಿತ್ತು ನೀನು..."

ಅವನ ಮುಖದ ಬಣ್ಣ ಇಳಿದುಹೋಯಿತು. ಐಸ್‌ಕ್ರೀಮ್ ಕರಗಿ ಮೊಣಕೈಗೆ ಇಳಿಯಿತು.

"ನಾನು ನಿನಗೆ ಕಳ್ಳನ ಥರ ಕಾಣ್ತೀನಾ, ಟಿಲ್ಡಾ?"

"ಹೌದು."

ಅವನು ಎರಡೂ ಐಸ್‌ಕ್ರೀಮನ್ನು ಕಸದ ಡಬ್ಬಿಗೆ ಹಾಕಿದ. "ನಾಳೆ ನನ್ನ ಕೆಲಸ ಮುಗಿಯುತ್ತೆ. ಸಂಜೆ ರೈಲು. ಇನ್ನು ತೊಂದರೆ ಕೊಡಲ್ಲ," ಎಂದು ತಿರುಗಿ ನಡೆದ.

'ಹೋಗ್ಲಿ! ಹೋದ್ರೆ ಹೋಗ್ಲಿ!' ಅಂದುಕೊಂಡಳು. ಕಣ್ಣೇಕೆ ಉರಿಯುತ್ತಿತ್ತೋ...

ಶನಿವಾರ. ನದಿಯ ತುಂಬ ದೋಣಿಗಳು. ಟಿಲ್ಡಾಳ ದೋಣಿಯಲ್ಲಿ ಯಾರ್ಕ್‌ಶೈರಿನ ಮುದಿ ದಂಪತಿ ಮಾತ್ರ, ಡೊರೀನ್ ಮತ್ತು ಅವಳ ಗಂಡ ವಾಲ್ಟ್. ಫ್ಲಾಸ್ಕಿನ ಚಹಾ, ಹಂದಿಮಾಂಸದ ಪೈ ಜೊತೆಗೇ ಬಂದಿದ್ದರು.

"ಅಯ್ಯೋ, ಆ ದೋಣಿ ನೋಡ್ರೀ! ಹಿಂದುಮುಂದಾಗಿ ಹೋಗ್ತಿದೆ!" ಎಂದು ಡೊರೀನ್ ನಕ್ಕಳು.

ಟಿಲ್ಡಾ ನೋಡಿದಳು.

ಮುಂದೆ, ಬಾಡಿಗೆ ದೋಣಿಯೊಂದರಲ್ಲಿ ಗಾಜಿನ ಕೆಲಸದವರು ಬೀಳ್ಕೊಡುಗೆಯ ಪಿಕ್‌ನಿಕ್ ಮಾಡುತ್ತಿದ್ದರು. ಕೋಲು ಹಿಡಿದವನು ಜಾಸ್ಪರ್. ಆದರೆ ಅವನು ಹಲಗೆಯ ಮೇಲೆ ನಿಂತಿರಲಿಲ್ಲ! ಹಲಗೆಯ ತುದಿಯನ್ನು ಮುಂದಕ್ಕೆ ಬಿಟ್ಟು, ಇನ್ನೊಂದು ತುದಿಯಲ್ಲಿ ದೋಣಿಯೊಳಗೇ ನಿಂತು ತಳ್ಳುತ್ತಿದ್ದ. ದಡದವರೆಲ್ಲ ಬೆರಳು ತೋರಿಸಿ ನಗುತ್ತಿದ್ದರು. ದೋಣಿ ಮಾತ್ರ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತಿತ್ತು.

ಹೊಸಬರು ಹಾಗೆ ತಳ್ಳಲಾರರು. ಈ ನದಿಯವರು ಸತ್ತರೂ ಆ ತುದಿಯಲ್ಲಿ ನಿಲ್ಲಲಾರರು. ಆ ತುದಿಯಲ್ಲಿ ನಿಂತು ಅಷ್ಟು ಸೊಗಸಾಗಿ ತಳ್ಳುವವರು ಇಂಗ್ಲೆಂಡಿನಲ್ಲಿ ಒಂದೇ ಊರಿನವರು...

"ಅಯ್ಯೋ ದೇವ್ರೇ! ಅವನು ಆಕ್ಸ್‌ಫರ್ಡಿನವನು!"

"ಅದು ಕಾಯಿಲೆಯೇನಮ್ಮಾ?" ವಾಲ್ಟ್ ಕೇಳಿದ.

ಟಿಲ್ಡಾಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಆ ತುದಿಯಲ್ಲಿ ನಿಲ್ಲುವವನನ್ನು ಹಸಿರು ಟೋಪಿಯವರು ಎಂದೂ ಸೇರಿಸಿಕೊಳ್ಳಲಾರರು, ಅವನು ಗೂಢಚಾರನೇ ಅಲ್ಲ! ಹುಟ್ಟಿದ ಊರಿನ ಹೆಸರು ಹೇಳಿದರೆ ಇವಳು ನಡುನೀರಲ್ಲಿ ಇಳಿಸುತ್ತಾಳೆಂದು ಹೆದರಿ ಬಾಯಿ ಮುಚ್ಚಿಕೊಂಡ ಪಾಪದ ಹುಡುಗ. ಅವನನ್ನು ಕಳ್ಳ ಅಂದುಬಿಟ್ಟೆನಲ್ಲಾ... ಸಂಜೆ ರೈಲು ಬೇರೆ!

"ಗಟ್ಟಿಯಾಗಿ ಹಿಡ್ಕೊಳ್ಳಿ!" ಎಂದು ಕೋಲೆತ್ತಿದಳು.

"ಈ ಸೇತುವೆ ಕಥೆ ಏನಮ್ಮಾ?"

"ಹಳೇದು! ಕಲ್ಲಿಂದು! ಅಷ್ಟೇ!"

"ಆ ಹುಡುಗನಿಗೋಸ್ಕರ ಈ ಓಟಾನಾ?" ಡೊರೀನ್ ಚಹಾದ ಲೋಟ ಕೆಳಗಿಟ್ಟಳು. "ರೀ, ಸುಮ್ನೆ ಪೈ ತಿಂತಾ ಕೂತಿದೀರಲ್ಲ! ಆ ಹುಟ್ಟು ತಗೊಂಡು ಹಾಕಿ!"

"ಜಾಸ್ಪರ್!"

ಅವನು ತಿರುಗಿದ. ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು, ಕೂಡಲೇ ಆರಿತು. ಮತ್ತೆ ಮುಂದಕ್ಕೆ ತಳ್ಳಿದ.

ವಿಲ್ಲೋ ಮರಗಳು ನೀರಿಗೆ ಕೂದಲು ಇಳಿಬಿಟ್ಟ ತಿರುವಿನಲ್ಲಿ ಅವಳ ದೋಣಿ ಅವನದಕ್ಕೆ ಢಬ್ ಎಂದು ತಾಗಿತು. ಗಾಜಿನವರ ಸ್ಟ್ರಾಬೆರಿಗಳೆಲ್ಲ ನೀರು ಪಾಲು!

"ಕ್ಷಮಿಸು!" ಟಿಲ್ಡಾ ಏದುಸಿರು ಬಿಡುತ್ತ ಕೂಗಿದಳು. "ನಾನು ಅಂದಿದ್ದು ತಪ್ಪು. ನದಿಗೆಲ್ಲಾ ಕೇಳೋ ಹಾಗೆ ನಿನ್ನ ಬೈದೆ, ನದಿಗೆಲ್ಲಾ ಕೇಳೋ ಹಾಗೇ ಹೇಳ್ತಿದೀನಿ. ನೀನು ಕಳ್ಳ ಅಲ್ಲ!"

"ಹೇಗೆ ಗೊತ್ತಾಯ್ತು?"

"ತಪ್ಪು ತುದೀಲಿ ನಿಂತಿದೀಯಲ್ಲ!"

"ಇದೇ ಸರಿಯಾದ ತುದಿ," ಅಂದ ಅವನು ಬಿಗುಮಾನದಿಂದ. ಆದರೆ ತುಟಿಯ ಅಂಚು ಕೇಳಲಿಲ್ಲ, ಬಿರಿಯಿತು. "ನಿನ್ನ ಗಂಟಲು ಚರ್ಚಿನ ಗಂಟೆ ಇದ್ದ ಹಾಗಿದೆ ಟಿಲ್ಡಾ. ನಮ್ಮ ಚಾಪೆಲ್ ಕಿಟಕಿವರೆಗೂ ಕೇಳ್ಸುತ್ತೆ. ಹಸಿರು ಟೋಪಿಯವರಿಗೆ ಕಳ್ಳ ಯಾಕೆ ಬೇಕು? ಕಿವಿ ಇದ್ರೆ ಸಾಕು."

"ಮತ್ತೆ ನಾಲ್ಕು ಸಲ ಬಂದಿದ್ದು ಯಾಕೆ?"

ಎರಡೂ ದೋಣಿಗಳು ನಿಧಾನಕ್ಕೆ ಒಟ್ಟಿಗೇ ತೇಲತೊಡಗಿದವು.

"ಹೇಳಪ್ಪಾ ಬೇಗ!" ಡೊರೀನ್ ಗದರಿದಳು. "ಟಿಕೆಟ್ ತಗೊಂಡಿದೀವಿ!"

"ಕಥೆ ಕೇಳೋಕೆ ಬಂದಿರ್ಲಿಲ್ಲ," ಅಂದ ಅವನು. "ಕಥೆ ನನ್ನ ತಲೆಗೆ ಹೋಗೇ ಇಲ್ಲ. ನಿನ್ನ ಅಜ್ಜಿ ಹೆಸರು ಕೇಳು ಬೇಕಾದ್ರೆ."

"ಏನು?"

"...ಅಗಾಥಾ?"

"ವಿನಿಫ್ರೆಡ್ ಕಣೋ ದಡ್ಡ!"

"ನೋಡಿದ್ಯಾ? ನಾನು ನಿನ್ನ ನೋಡ್ತಾ ಕೂತಿದ್ದೆ. ಬರೀ ನಿನ್ನ."

ಐದು ಬೇಸಿಗೆಯಲ್ಲಿ ಮೊದಲ ಬಾರಿಗೆ ಟಿಲ್ಡಾಗೆ ನದಿಯ ಮೇಲೆ ಮಾತು ಹೊರಡಲಿಲ್ಲ. ಆದರೆ ಅವಳು ಟಿಲ್ಡಾ! ಒಂದೇ ಉಸಿರು ಸಾಕಾಯಿತು.

"ಇವತ್ತು ಹೋಗಲೇಬೇಕಾ?"

"ಮೇಸ್ತ್ರಿ ಚಳಿಗಾಲಕ್ಕೂ ಇರು ಅಂದಿದ್ರು. ಇನ್ನೊಂದು ಚಾಪೆಲ್ ಸಿಕ್ಕಿದೆಯಂತೆ. ಇವತ್ತು ಬೆಳಗ್ಗೆ ತಾನೇ ಆಗಲ್ಲ ಅಂದೆ."

ಅವನ ದೋಣಿಯಲ್ಲಿ ಕೂತಿದ್ದ ಗಡ್ಡದ ಮೇಸ್ತ್ರಿ ನೀರಿಂದ ಹೆಕ್ಕಿದ ಸ್ಟ್ರಾಬೆರಿ ಚೀಪುತ್ತ, "ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಅಂದ. "ಇನ್ನೊಂದ್ಸಲ ಹೇಳು."

ಜಾಸ್ಪರ್ ಟಿಲ್ಡಾಳನ್ನೇ ನೋಡಿದ. "ಇರ್ತೀನಿ," ಅಂದ.

ಕೈಯಲ್ಲಿದ್ದ ಕೋಲನ್ನು ಮೇಸ್ತ್ರಿಗೆ ಕೊಟ್ಟ. ಈ ಸಲ ಹಾರಲಿಲ್ಲ. ಮೆಲ್ಲಗೆ, ಒಂದೊಂದೇ ಕಾಲಿಟ್ಟು ಅವಳ ದೋಣಿಗೆ ಬಂದು ಹಲಗೆಯ ಕೆಳಗೆ ನಿಂತ. ಟಿಲ್ಡಾ ಬಗ್ಗಿ ಅವನ ಕೆನ್ನೆ ಮುಟ್ಟಿದಳು.

"ನನಗೆ ನೀನಂದ್ರೆ ತುಂಬ ಇಷ್ಟ," ಅಂದಳು ಪಿಸುಮಾತಿನಲ್ಲಿ.

"ಏನು? ಕೇಳಿಸ್ಲಿಲ್ಲ."

"ಅದು ನದಿಗೆಲ್ಲಾ ಕೇಳಿಸೋ ಮಾತಲ್ಲ... ನಿನಗೊಬ್ಬನಿಗೇ."

"ಹಾಗಾದ್ರೆ ಇನ್ನೂ ಸ್ವಲ್ಪ ಹತ್ರ ಬಂದು ಹೇಳು," ಅಂದ ಜಾಸ್ಪರ್.

ಅವಳು ಹತ್ತಿರ ಬಂದಳು.