ಒಂದು ಮನೆಗೆ ಒಂದೇ ಕಲ್ಲು

ಛಟಾರ್!

ಓರ್ರಿಯ ಕೆನ್ನೆಗೆ ಬಿದ್ದ ಏಟಿಗೆ ಅವನ ಉಣ್ಣೆ ಟೋಪಿ ಹಾರಿ ಬಿಸಿ ಕೆಸರಿಗೆ ಬಿತ್ತು.

"ಯಾವನೋ ನೀನು? ನಮ್ಮನೆ ಕಲ್ಲು ಎತ್ತೋಕೆ ಯಾರು ಹೇಳಿದ್ರು?" ಉನ್ನೂರ್ ಕಿರುಚಿದಳು.

ನಮ್ಮ ಐಸ್‌ಲ್ಯಾಂಡಿನ ಈ ಊರಿನಲ್ಲಿ ರೈ ಎಂಬ ಧಾನ್ಯದ ಹಿಟ್ಟು ತುಂಬಿದ ಪಾತ್ರೆಯನ್ನು, ಭೂಮಿಯೊಳಗಿನ ಶಾಖಕ್ಕೆ ಸದಾ ಬಿಸಿಯಾಗಿರುವ ನೆಲದಲ್ಲಿ ಹೂತು, ಮೇಲೊಂದು ಕಲ್ಲಿಡುತ್ತೇವೆ. ಮರುದಿನಕ್ಕೆ ಬ್ರೆಡ್ ಬೆಂದಿರುತ್ತದೆ. ಒಂದು ಮನೆಗೆ ಒಂದೇ ಕಲ್ಲು, ಬೇರೆಯವರು ಮುಟ್ಟುವಂತಿಲ್ಲ. ವಿದ್ಯುತ್ತಿಗಾಗಿ ಗಾಳಿಯಂತ್ರ ನೆಡಲು ಬಂದ ಈ ಇಂಜಿನಿಯರ್ ಮಹಾಶಯ ಓರ್ರಿ ಉನ್ನೂರ್ ಮನೆಯ ಕಲ್ಲನ್ನು ಎತ್ತಿ ಎಸೆದು, ಅಲ್ಲೇ ಗೂಟ ಹೊಡೆದಿದ್ದ! ತೀರಿಹೋದ ಅವಳ ಅಮ್ಮನ ಪಾತ್ರೆ ತೂತಾಗಿತ್ತು.

"ಒಂದು ಬ್ರೆಡ್ ತಾನೇ..."

ಇನ್ನೊಂದು ಏಟು ಬಿತ್ತು.

ಉನ್ನೂರ್ ನೆಲದಡಿಯ ಹಬೆಯಿಂದ ನಡೆಯುವ ನಮ್ಮೂರ ವಿದ್ಯುತ್ ಕೇಂದ್ರ ನೋಡಿಕೊಳ್ಳುವವಳು. ಅಂದಿನಿಂದ ಇಬ್ಬರಿಗೂ ದಿನಾ ಜಗಳ.

"ನಿನ್ನ ಗಾಳಿ ಬೇಕಾದಾಗ ಮಲಗುತ್ತೆ. ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸಲ್ಲ, ಹೊಳೆ ಹೆಪ್ಪುಗಟ್ಟುತ್ತೆ. ನನ್ನ ಹಬೆ ಮಾತ್ರ ನಿಲ್ಲಲ್ಲ!"

"ಅದರ ಕೊಳೆತ ಮೊಟ್ಟೆ ವಾಸನೆನೂ ನಿಲ್ಲಲ್ಲ! ನೀನು ಒಂದು ಹಬೆ ಬಾವಿ ಕೊರೆಯೋಷ್ಟರಲ್ಲಿ ನಾನು ಹತ್ತು ಗಾಳಿಯಂತ್ರ ನೆಡ್ತೀನಿ."

ಅವನು ನಕ್ಕಾಗ ಎದೆ ಯಾಕೆ ಹೊಡೆದುಕೊಳ್ಳುತ್ತದೆ? ಛೀ... ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಗಾಳಿಯಂತ್ರದ ರೆಕ್ಕೆ ಮುರಿದು ಬಂದು ಹಬೆಯ ಕೊಳವೆಯನ್ನು ಸೀಳಿತು. ಕುದಿಯುವ ಹಬೆ ಬೊಬ್ಬಿರಿಯುತ್ತಾ ನುಗ್ಗಿ, ಉನ್ನೂರ್ ಕೇಂದ್ರದ ಗೋಡೆಯ ಮೂಲೆಯಲ್ಲಿ ಸಿಕ್ಕಿಬಿದ್ದಳು.

"ಓರ್ರಿ!"

ಹಬೆಯ ಆಚೆಗಿದ್ದ ಅವನು ಅವಳನ್ನು ನೋಡಿದ. ಬೆನ್ನು ತಿರುಗಿಸಿ ಓಡಿಬಿಟ್ಟ!

ಹೇಡಿ... ನನ್ನನ್ನು ಸಾಯಲು ಬಿಟ್ಟು ಹೋದನಲ್ಲ! ಸುಡುವ ಹಬೆಗಿಂತ ಆ ಬೆನ್ನೇ ಅವಳನ್ನು ಹೆಚ್ಚು ಸುಟ್ಟಿತು.

ಇದ್ದಕ್ಕಿದ್ದಂತೆ ಅಬ್ಬರ ನಿಂತಿತು. ಉನ್ನೂರ್ ತಡವರಿಸುತ್ತಾ ಕೊಳವೆಯ ಆ ತುದಿಗೆ ಬಂದಳು. ಹಬೆ ಮುಚ್ಚುವ ಕಬ್ಬಿಣದ ಚಕ್ರದ ಪಕ್ಕ ಓರ್ರಿ ಕುಸಿದು ಕುಳಿತಿದ್ದ. ಕಾದ ಕಬ್ಬಿಣ ತಿರುಗಿಸಿ ಅಂಗೈಗಳ ಚರ್ಮವೇ ಕಿತ್ತುಬಂದಿತ್ತು.

ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು.

"ಹೇಳಿ ಓಡೋಕೇನಾಗಿತ್ತು ಪಾಪಿ!"

"ಹೇಳಿದೆ ಕಣೇ... ಆ ಗದ್ದಲದಲ್ಲಿ ನಿನಗೆಲ್ಲಿ ಕೇಳಿಸ್ತು?"

ಅವಳು ಅಳುತ್ತಾ ಅವನನ್ನು ಅಪ್ಪಿಕೊಂಡಳು.

ಗಾಯ ಒಣಗುವ ಮೊದಲೇ ಓರ್ರಿ ಹೊಸ ಪಾತ್ರೆ ತರಿಸಿದ. ಉನ್ನೂರ್ ಅದರಲ್ಲಿ ಹಿಟ್ಟು ತುಂಬಿ ಹೂತು, ತನ್ನ ಮನೆಯ ಕಲ್ಲನ್ನು ಮೇಲಿಟ್ಟಳು. ಮರುದಿನ ಬಿಸಿ ಬ್ರೆಡ್ ಮುರಿದು ಬೆಣ್ಣೆ ಸವರಿದಳು.

"ನಾನೂ ಇದೇ ಊರಲ್ಲಿ ಉಳೀತೀನಿ. ನನ್ನ ಕಲ್ಲು ಎಲ್ಲಿಡ್ಲಿ?" ಬ್ಯಾಂಡೇಜ್ ಸುತ್ತಿದ ಕೈ ಚಾಚಿ ಕೇಳಿದ.

"ನಿನಗ್ಯಾಕೆ ಬೇರೆ ಕಲ್ಲು?"

"ಉನ್ನೂರ್... ಅಂದ್ರೆ?"

"ಅಂದ್ರೆ ಬಾಯಿ ತೆಗಿ, ಪೆದ್ದ!" ಎನ್ನುತ್ತಾ ಅವಳು ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು.