ಹೊಸಿಲ ಮುಂದೆ ರಂಗೋಲಿ ಇತ್ತು

ಜುಲೈ ಮೂವತ್ತು, ಬುಧವಾರ. ಬೆಳಿಗ್ಗೆ ಏಳು ಗಂಟೆಗೆ ಮುಂಚೆಯೇ ತಮಿಳುನಾಡಿನ ಕುಳಿತ್ತಲೈ ಪೊಲೀಸ್ ಠಾಣೆಗೆ ಇಬ್ಬರು ಬಂದರು. ಒಬ್ಬರು ಸರ್ಕಾರಿ ಶಾಲೆಯ ಲೆಕ್ಕದ ಮೇಷ್ಟ್ರು ನಾವುಕ್ಕರಸು. ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದರು. ಇನ್ನೊಬ್ಬರು ಅವರ ಮನೆ ಕೊಳ್ಳಲು ಮಾತು ಕೊಟ್ಟಿದ್ದ ಲೂರ್ದುಸಾಮಿ. ಶುಕ್ರವಾರ ನೋಂದಣಿ ಆಗಬೇಕಿತ್ತು. ರಾತ್ರಿ ಯಾರೋ ಆ ಮನೆಯ ಬಾಗಿಲಿಗೆ ಬೆಂಕಿ ಇಟ್ಟಿದ್ದರು.

ಇನ್‌ಸ್ಪೆಕ್ಟರ್ ಅರಿವಳಗನ್ ಕುರ್ಚಿ ತೋರಿಸಿದರು. "ಮೊದಲಿಂದ ಹೇಳಿ ಮೇಷ್ಟ್ರೇ."

"ಮನೆ ಮಾರೋಕೆ ಎರಡು ವರ್ಷದಿಂದ ಒದ್ದಾಡ್ತಿದ್ದೀನಿ ಸಾರ್. ನಾನೇ ನಿಂತು ಕಟ್ಟಿಸಿದ್ದು. ಸಿಹಿನೀರಿನ ಬಾವಿ, ಮುಂದೆ ಜಗುಲಿ, ಹೊಳೆ ಕೂಗಳತೆ ದೂರ. ಒಂದು ಕುಂದು ಹೇಳೋ ಹಾಗಿಲ್ಲ. ನೋಡೋಕೆ ಬಂದವರೆಲ್ಲ ಗೇಟಿಂದಲೇ ವಾಪಸ್ ಹೋಗ್ತಾರೆ."

"ಯಾಕೆ?"

"ಹೂವು ಸಾರ್. ಯಾರಾದ್ರೂ ನೋಡೋಕೆ ಬರೋ ದಿನ ಗೇಟಿನ ಮುಂದೆ ಬೀದಿ ತುಂಬ ಹೂವು ಚೆಲ್ಲಿರುತ್ತೆ. ಹೆಣ ಹೋದ ದಾರೀಲಿ ಚೆಲ್ತಾರಲ್ಲ, ಹಾಗೆ."

ಲೂರ್ದುಸಾಮಿ ಗಂಟಲು ಸರಿಮಾಡಿಕೊಂಡರು. "ನಾನು ಬಂದಾಗಲೂ ಇತ್ತು. ತುಳಿದುಕೊಂಡೇ ಒಳಗೆ ಹೋದೆ. ಸಾವಿಲ್ಲದ ಮನೆ ಎಲ್ಲಿದೆ ಹೇಳಿ. ನಾವು ಕ್ರಿಶ್ಚಿಯನ್ನರು, ನಮಗೆ ಆಡಿ ತಿಂಗಳು ಅಶುಭ ಅಂತಲೂ ಇಲ್ಲ, ಹೂವಿನ ಶಕುನ ಅಂತಲೂ ಇಲ್ಲ. ಅದಕ್ಕೇ ಈ ಸಲ ಬೆಂಕಿ ಇಟ್ಟರೇನೋ."

"ಯಾರ ಮೇಲಾದ್ರೂ ಅನುಮಾನ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಮೂರು ವರ್ಷದ ಹಿಂದೆ ಆಡಿ ಹದಿನೆಂಟರ ಹೊಳೆಪೂಜೆಯ ಹಬ್ಬದ ದಿನ ಅವರ ಒಬ್ಬನೇ ಮಗ ಇನಿಯನ್ ಕಾವೇರಿಯಲ್ಲಿ ಮುಳುಗಿ ಹೋಗಿದ್ದ. ಒಂಬತ್ತು ವರ್ಷದ ಹುಡುಗ. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಇನ್‌ಸ್ಪೆಕ್ಟರ್ ಕೇಳಲಿಲ್ಲ, ಮೇಷ್ಟ್ರೇ ಹೇಳಿದರು. "ಅವನು ಹೋದ ಮೇಲೆ ನನ್ನ ಹೆಂಡತಿ ಬಾಗಿಲಲ್ಲೇ ಕೂತಿರ್ತಿದ್ಲು. ಊಟ ಇಲ್ಲ, ನಿದ್ದೆ ಇಲ್ಲ. ಆ ಮನೆ ಅವಳನ್ನ ತಿಂತಿದೆ ಅಂತ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಮನೆಗೆ ಕರ್ಕೊಂಡು ಬಂದೆ. ಆ ಮನೆ ನಮ್ಮ ಕೈಬಿಟ್ಟು ಹೋಗ್ಬೇಕು ಸಾರ್. ಇಲ್ಲಾಂದ್ರೆ ಅವಳು ನನಗೆ ಉಳಿಯೋದಿಲ್ಲ."

ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಎಂಟೂವರೆಗೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಸೆಲ್ವರಾಣಿ ಮತ್ತು ಇಬ್ಬರು ಪಂಚರು ಮೇಷ್ಟ್ರನ್ನು ಕರೆದುಕೊಂಡು ಮಹಜರಿಗೆ ಹೋದರು. ಮೇಷ್ಟ್ರು ಗೇಟಿನಾಚೆಯೇ ನಿಂತರು. ಮನೆ ನಿಜಕ್ಕೂ ಚೆನ್ನಾಗಿತ್ತು. ಅಂಥ ಮನೆ ಎರಡು ವರ್ಷ ಖಾಲಿ ಬಿದ್ದಿದೆ ಎಂದರೆ ನೋಡಿದವರ ಹೊಟ್ಟೆ ಉರಿಯಬೇಕು. ಬಾಗಿಲ ಕೆಳಗಿನ ಅರ್ಧ ಇದ್ದಲಾಗಿತ್ತು. ಆಡಿ ತಿಂಗಳ ಗಾಳಿ ಕೇಳಬೇಕೆ, ಕಿಡಿ ಹಾರಿ ಪಕ್ಕದ ಮರಗತಮ್ಮನ ಕೊಟ್ಟಿಗೆಯ ತಾಳೆಗರಿಯ ಸೂರಿಗೆ ಬಿದ್ದಿತ್ತು. ಮುದುಕಿ ಹಸುವಿನ ಹಗ್ಗ ಬಿಚ್ಚಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದಳು. ಹಸು ಉಳಿಯಿತು, ಕೊಟ್ಟಿಗೆ ಉಳಿಯಲಿಲ್ಲ.

ಸೆಲ್ವರಾಣಿ ಬರೆದುಕೊಳ್ಳುತ್ತಾ ಹೋದಳು. ಗೇಟಿನಿಂದ ಬೀದಿಯವರೆಗೆ ಚೆಂಡುಹೂವು, ಗುಲಾಬಿ ಎಸಳು. ಬಾಗಿಲ ಎಡಗಡೆ ಒಡೆದ ಮಣ್ಣಿನ ಮಡಕೆ, ಅದರಲ್ಲಿ ಬೆರಣಿಯ ಬೂದಿ, ಹುಲ್ಲು.

"ಇದು ಹೆಣದ ಮುಂದೆ ಹಿಡಿಯೋ ಬೆಂಕಿ ಮಡಕೆ ಸಾರ್," ಎಂದಳು. "ಬಾಗಿಲು ಸುಡೋಕೆ ಇಟ್ಟಿದ್ದಲ್ಲ ಅನ್ಸುತ್ತೆ. ಸಾವಿನ ಮನೇಲಿ ಇಡೋ ಜಾಗದಲ್ಲೇ ಇಟ್ಟಿದ್ದಾರೆ. ಮಿಕ್ಕಿದ್ದು ಗಾಳಿ ಮಾಡಿದೆ."

ಇನ್‌ಸ್ಪೆಕ್ಟರ್ ಹೊಸಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಮಸಿಯನ್ನು ಬಾಯಿಂದ ಊದಿದರು. ಅಡಿಯಲ್ಲಿ ಬಿಳಿ ಗೆರೆ ಕಂಡಿತು. ಇನ್ನಷ್ಟು ಊದಿದರು. ಚುಕ್ಕಿಗಳನ್ನು ಸುತ್ತಿ ಸುತ್ತಿ ಹೋಗುವ ಅಕ್ಕಿಹಿಟ್ಟಿನ ಎಳೆ ರಂಗೋಲಿ. ಎಲ್ಲೂ ತುಂಡಾಗಿಲ್ಲ. ಹೂವು ಚೆಲ್ಲಿದವರು ಅದರ ಮೇಲೆ ಒಂದು ಎಸಳೂ ಬೀಳದ ಹಾಗೆ ಚೆಲ್ಲಿದ್ದರು. ಮಡಕೆಯನ್ನೂ ಅದಕ್ಕೆ ತಾಗದಂತೆ ಪಕ್ಕಕ್ಕೆ ಸರಿಸಿ ಇಟ್ಟಿದ್ದರು.

ಹಿಂದಿನ ತಿಂಗಳು ಇನ್‌ಸ್ಪೆಕ್ಟರರ ತಾಯಿ ತೀರಿಕೊಂಡಿದ್ದರು. ಅಂದಿನಿಂದ ಅವರ ಮನೆಯ ಬಾಗಿಲು ರಂಗೋಲಿಯಿಲ್ಲದೆ ಬೋಳು. ದಿನಾ ಬೂಟು ಹಾಕಿಕೊಳ್ಳುವಾಗ ಆ ಬರೀ ನೆಲ ಅವರ ಕಣ್ಣಿಗೆ ಬೀಳುತ್ತಿತ್ತು.

"ಸೆಲ್ವರಾಣಿ, ಸಾವಿನ ಮನೆ ಬಾಗಿಲಿಗೆ ರಂಗೋಲಿ ಹಾಕ್ತಾರಾ?"

"ಎಲ್ಲಾದ್ರೂ ಉಂಟಾ ಸಾರ್?"

"ಮತ್ತೆ ಸಾವಾಗಿದೆ ಅಂತ ನಾಟಕ ಮಾಡೋರು ಇದನ್ನ ಯಾಕೆ ಹಾಕಿದ್ರು? ಬೀಗ ಹಾಕಿದ ಮನೆಗೆ?"

ಅವಳು ಬೆರಳಿಂದ ನೆಲ ಸವರಿ ನೋಡಿದಳು. ಹೊಸ ಎಳೆಯ ಕೆಳಗೆ ಹಳೆಯ ಹಿಟ್ಟಿನ ಕಲೆ ಕಲ್ಲಿಗೆ ಹಿಡಿದಿತ್ತು. "ಇದು ಒಂದು ದಿನದ್ದಲ್ಲ ಸಾರ್. ದಿನಾ ಹಾಕ್ತಿದ್ದಾರೆ."

ಮರಗತಮ್ಮ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದಳು.

"ಪಕ್ಕದ ಮನೆಗೆ ರಂಗೋಲಿ ಯಾರು ಹಾಕ್ತಾರಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನು ನೋಡಿಲ್ಲಯ್ಯಾ."

"ನೀವು ಬೆಳಿಗ್ಗೆ ಎಷ್ಟೊತ್ತಿಗೆ ಬಾಗಿಲು ಸಾರಿಸ್ತೀರಿ?"

"ಬೆಳಕು ಹರಿಯೋಕೆ ಮುಂಚೆ."

"ಹತ್ತಡಿ ದೂರದಲ್ಲಿ ಇನ್ನೊಬ್ರು ಬಗ್ಗಿ ರಂಗೋಲಿ ಹಾಕೋದು ಕಾಣ್ಲಿಲ್ವಾ?"

"ಆಗ ಬಚ್ಚಲಲ್ಲಿದ್ದೆ."

"ದಿನಾನೂ?"

"ವಯಸ್ಸಾಯ್ತಲ್ಲಯ್ಯಾ."

ಸೆಲ್ವರಾಣಿ ನಗು ತಡೆದುಕೊಂಡಳು. ಆದರೆ ಮುದುಕಿಯ ಕಣ್ಣು ತುಂಬಿತ್ತು. ಅದು ಕೈಯ ಉರಿಗೆ ಬಂದ ನೀರು ಅಲ್ಲವೆಂದು ಇಬ್ಬರಿಗೂ ತಿಳಿಯಿತು. ಆಚೆ ಮನೆಯವರೂ ನೋಡಿಲ್ಲ, ಎದುರು ಮನೆಯವರೂ ನೋಡಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ನೀರು ಚೆಲ್ಲುವ ಹೆಂಗಸರ ಬೀದಿ ಅದು. ಒಬ್ಬರನ್ನು ಉಳಿಸಲು ಇಡೀ ಬೀದಿ ಕುರುಡಾಗಿತ್ತು.

"ಕೊಟ್ಟಿಗೆ ಸುಟ್ಟವರ ಮೇಲೆ ನಿಮಗೆ ಸಿಟ್ಟಿಲ್ವಾ?" ಎಂದು ಇನ್‌ಸ್ಪೆಕ್ಟರ್ ಹೊರಡುವಾಗ ಕೇಳಿದರು.

"ಗರಿ ತಾನೇ, ಮತ್ತೆ ಹೊದಿಸಿದ್ರಾಯ್ತು," ಎಂದಳು ಮರಗತಮ್ಮ.

ಉಳಿದಿದ್ದು ಮಡಕೆ. ಅಂಥ ಮಡಕೆ ಮಾರುವವನು ಊರಲ್ಲಿ ಒಬ್ಬನೇ, ಸ್ಮಶಾನದ ದಾರಿಯ ಕುಂಬಾರ ಸಡಯಪ್ಪನ್. ಗುರುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಸೆಲ್ವರಾಣಿಯ ಜೊತೆ ಹೋಗಿ ಅವನ ಮುಂದೆ ಚೂರುಗಳನ್ನಿಟ್ಟರು.

"ನನ್ನದೇ ಸಾರ್. ಮಂಗಳವಾರ ಕೊಟ್ಟಿದ್ದು."

"ಊರಲ್ಲಿ ಎಷ್ಟೋ ಸಾವಾಗುತ್ತೆ. ಇದು ಮಾತ್ರ ಹೇಗೆ ನೆನಪಿದೆ?"

"ಈ ಮಡಕೆ ಒಯ್ಯೋಕೆ ಗಂಡಸರು ಬರೋದು ಪದ್ಧತಿ. ಮಂಗಳವಾರ ಒಬ್ಬ ಹೆಂಗಸು ಬಂದ್ರು. ಯಾರಿಗಮ್ಮ ಅಂತ ಕೇಳ್ದೆ. ಕೇಳಲೇಬೇಕು ಸಾರ್. ಸುಮ್ಮನೆ ಒಯ್ದರೆ, ಸುಳ್ಳು ಹೆಸರು ಹೇಳಿ ಒಯ್ದರೆ, ಹೇಳಿದ ಹೆಸರಿನವರನ್ನ ಅದು ಕರ್ಕೊಂಡು ಹೋಗುತ್ತೆ ಅಂತ ನಮ್ಮಲ್ಲಿ ಭಯ. ಅವರಿಗೂ ಗೊತ್ತಿತ್ತು. ಎತ್ತಿದ ಮಡಕೆ ಕೆಳಗಿಟ್ರು."

"ಆಮೇಲೆ?"

"'ನನ್ನ ಮಗನಿಗೆ' ಅಂದ್ರು." ಸಡಯಪ್ಪನ್ ಕೈಯ ಜೇಡಿಮಣ್ಣನ್ನು ಪಂಚೆಗೆ ಒರೆಸಿಕೊಂಡ. "'ಇನಿಯನ್' ಅಂತ ಹೆಸರೂ ಹೇಳಿದ್ರು."

ಸೆಲ್ವರಾಣಿ ಮುಖ ತಿರುಗಿಸಿ ರಸ್ತೆ ನೋಡುತ್ತಾ ನಿಂತಳು. ಯಾರದೋ ಹೆಸರು ಹೇಳಿ ಒಂದು ಜೀವಕ್ಕೆ ಕುತ್ತು ತರುವ ಬದಲು, ಸಿಕ್ಕಿಬೀಳುವ ಹೆಸರನ್ನೇ ಹೇಳಿ ಹೋಗಿದ್ದಳು ಆ ತಾಯಿ.

ಸಂಜೆಯೊಳಗೆ ಮುಗಿಸಬೇಕಿತ್ತು. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಮೂರು ಗಂಟೆಗೆ ಜೀಪು ಬಾಡಿಗೆ ಮನೆಯ ಮುಂದೆ ನಿಂತಿತು. ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಮೇಷ್ಟ್ರು ಹೊರಬಂದು, "ಸಿಕ್ಕಿದ್ರಾ ಸಾರ್?" ಎಂದರು.

"ಇಲ್ಲಿ ರಂಗೋಲಿ ಹಾಕಲ್ವಾ ಮೇಷ್ಟ್ರೇ?"

"ಮಗ ಹೋದ ಮೇಲೆ ಅವಳು ಹಾಕೋದೇ ಬಿಟ್ಟಿದ್ದಾಳೆ. ಬೆಳಿಗ್ಗೆ ಎದ್ದು ಮಾರಿಯಮ್ಮನ ಗುಡಿಗೆ ಹೋಗಿ ಬರ್ತಾಳೆ, ಅಷ್ಟೇ."

"ಹಳೇ ಮನೆ ಬಾಗಿಲಲ್ಲಿ ಇತ್ತು. ನಿನ್ನೆ ನೀವೂ ಅಲ್ಲಿದ್ರಿ."

ಮೇಷ್ಟ್ರು ಗೊಂದಲಗೊಂಡರು. "ಅಲ್ಲಿ ಯಾವಾಗ್ಲೂ ಇರುತ್ತಲ್ಲ ಸಾರ್," ಎಂದವರು ಅಷ್ಟಕ್ಕೇ ನಿಲ್ಲಿಸಿ, ನಿಧಾನವಾಗಿ ಒಳಗೆ ತಿರುಗಿ ನೋಡಿದರು.

ಅವರ ಹೆಂಡತಿ ವಡಿವಾಂಬಾಳ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸಣಕಲು ಹೆಂಗಸು. ಬಲಗೈಯ ಬೆರಳ ಸಂದಿಯಲ್ಲಿ ಹಿಟ್ಟಿನ ಬಿಳುಪು ಹಾಗೇ ಇತ್ತು.

"ಹೂವು ಚೆಲ್ಲಿದ್ದು ನೀವಾ?"

"ಹೌದು."

"ಮಡಕೆ?"

"ನಾನೇ. ಹೂವಿಗೆ ಈ ಸಲ ಬಂದವರು ಹೆದರ್ಲಿಲ್ಲ. ಬಾಗಿಲು ಸುಡುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಮರಗತಮ್ಮನ ಕೈ ಹೇಗಿದೆ?"

"ವಾಸಿಯಾಗುತ್ತೆ. ಮನೆ ಮಾರೋದು ಬೇಡ ಅಂತ ಯಜಮಾನರಿಗೆ ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳ್ಲಿ? ಆ ಬೀದಿಗೆ ಕಾಲಿಟ್ರೆ ಅವರ ಮೈ ನಡುಗುತ್ತೆ. ಆ ಮನೆ ಹೋದ್ರೆ ಅವರು ಬದುಕ್ತಾರೆ ಅಂದ್ಕೊಂಡೆ."

"ನಾನು ನಿನಗೋಸ್ಕರ ಮಾರ್ತಿದ್ದೆ ವಡಿವು," ಎಂದರು ಮೇಷ್ಟ್ರು. ಆ ಮಾತು ಗಂಡಹೆಂಡಿರ ನಡುವೆ ಎರಡು ವರ್ಷ ಮೊದಲೇ ಆಗಬೇಕಿತ್ತು. ಪೊಲೀಸರ ಮುಂದೆ ಆಯಿತು.

ವಡಿವಾಂಬಾಳ್ ಗಂಡನನ್ನು ನೋಡಲಿಲ್ಲ. ಇನ್‌ಸ್ಪೆಕ್ಟರಿಗೇ ಹೇಳಿದಳು. "ಅವನನ್ನ ಹೊಳೆಯಿಂದ ತಂದಾಗ ಮನೆಯೊಳಗೆ ಬಿಡ್ಲಿಲ್ಲ ಸಾರ್. ಹೊರಗೆ ಸತ್ತವರು ಹೊಸಿಲು ದಾಟಬಾರದು ಅಂದ್ರು ಹಿರಿಯರು. ಒಂದೇ ಒಂದು ಗಳಿಗೆ ಒಳಗೆ ಮಲಗಿಸ್ತೀನಿ ಅಂತ ಕಾಲು ಹಿಡಿದೆ. ಇವರೂ ತಲೆ ತಗ್ಗಿಸಿ ನಿಂತುಬಿಟ್ರು. ಬೀದಿ ಚಪ್ಪರದಿಂದಲೇ ಕಳಿಸಿದ್ವಿ. ಅವನು ಆ ಬಾಗಿಲಿಂದ ಆಡೋಕೆ ಅಂತ ಹೋದವನು. ತಿರುಗಿ ಒಳಗೆ ಬರ್ಲೇ ಇಲ್ಲ. ಬೇರೆಯವರು ಬಂದು ಕೂತ್ರೆ ಅವನು ಎಲ್ಲಿಗೆ ಬರ್ತಾನೆ?"

"ಸಾವಿನ ಹೂವಿನ ಜೊತೆ ರಂಗೋಲಿ ಯಾಕಮ್ಮ?" ಕೇಳಿದ್ದು ಸೆಲ್ವರಾಣಿ.

"ಬಾಗಿಲು ಬೋಳಾಗಿದ್ರೆ ಮನೇಲಿ ಯಾರೋ ಸತ್ತಿದ್ದಾರೆ ಅಂತ ಹೆದರ್ಕೊಳ್ತಾನೆ. ಮಗು ಅಲ್ವಾ."

ಮೇಷ್ಟ್ರು ಇನ್‌ಸ್ಪೆಕ್ಟರರ ಎರಡೂ ಕೈ ಹಿಡಿದುಕೊಂಡರು. "ದೂರು ವಾಪಸ್ ತಗೋತೀನಿ ಸಾರ್. ನನ್ನ ಮನೆ, ನನ್ನ ಬಾಗಿಲು."

"ಬೆಂಕಿ ಪಕ್ಕದವರ ಕೊಟ್ಟಿಗೆ ಸುಟ್ಟಿದೆ, ಒಬ್ರಿಗೆ ಗಾಯ ಆಗಿದೆ. ಈ ಕಲಮಿಗೆ ಜಾಮೀನು ಕೊಡೋದು ನನ್ನ ಕೈಲಿಲ್ಲ ಮೇಷ್ಟ್ರೇ. ನಾಳೆ ಬೇಗ ವಕೀಲರನ್ನ ಕರ್ಕೊಂಡು ನ್ಯಾಯಾಲಯಕ್ಕೆ ಬನ್ನಿ. ಬೆಂಕಿ ಬೇಕಂತ ಇಟ್ಟಿದ್ದಲ್ಲ ಅಂತ ನಾನು ಕಂಡ ಹಾಗೇ ಬರೀತೀನಿ."

ನಾಲ್ಕೂಕಾಲಿಗೆ ಬಂಧನವಾಯಿತು. ಜೀಪು ಹತ್ತುವಾಗ ವಡಿವಾಂಬಾಳ್ ಸೆಲ್ವರಾಣಿಯನ್ನು ಒಂದೇ ಮಾತು ಕೇಳಿದಳು. "ನಾಳೆ ಬೆಳಿಗ್ಗೆ ನನ್ನ ಬಿಡ್ತಾರಾ? ರಂಗೋಲಿ ಹಾಕ್ಬೇಕಿತ್ತು." ಸೆಲ್ವರಾಣಿ ಅವಳ ಕೈ ಹಿಡಿದು ಮೇಲೆ ಹತ್ತಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ, ಆರೋಪಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಮುನ್ನ, ಬಾಗಿಲಿನ ಇನ್ನೊಂದು ಫೋಟೋ ಬೇಕೆಂದು ಇನ್‌ಸ್ಪೆಕ್ಟರ್ ಆ ಬೀದಿಗೆ ಹೋದರು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಮರಗತಮ್ಮ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತನ್ನ ಜಗುಲಿಯಿಂದ ಏನೋ ಹೇಳಿಕೊಡುತ್ತಿದ್ದಳು. "ಅಲ್ಲಲ್ಲ ಮೇಷ್ಟ್ರೇ, ಎಡಕ್ಕೆ. ಚುಕ್ಕಿ ಮುಟ್ಟಬಾರದು, ಸುತ್ತಬೇಕು."

ಸುಟ್ಟ ಬಾಗಿಲ ಮುಂದೆ ಮೇಷ್ಟ್ರು ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ಅಕ್ಕಿಹಿಟ್ಟಿನ ಬಟ್ಟಲು. ನೆಲದ ಮೇಲೆ ಚುಕ್ಕಿಗಳು ಸಾಲು ತಪ್ಪಿದ್ದವು, ಎಳೆ ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಅವರ ಪಂಚೆಯ ಮೇಲೆಲ್ಲ ಹಿಟ್ಟು.

ಬೂಟಿನ ಸದ್ದಿಗೆ ಅವರು ತಲೆ ಎತ್ತಿದರು. ನಿದ್ದೆ ಇಲ್ಲದ ಕಣ್ಣು ಕೆಂಪಾಗಿತ್ತು.

"ಲೂರ್ದುಸಾಮಿಯವರಿಗೆ ಹೇಳಿಬಿಟ್ಟೆ ಸಾರ್, ಮನೆ ಕೊಡೋದಿಲ್ಲ ಅಂತ," ಎಂದರು. "ಇದು ಮುಗೀಲಿ, ನಿಮ್ಮ ಜೊತೆಗೇ ನ್ಯಾಯಾಲಯಕ್ಕೆ ಬರ್ತೀನಿ. ಹೊತ್ತಾಗಿಬಿಟ್ಟಿದೆ. ಅವಳು ಇಷ್ಟು ಹೊತ್ತಿಗೆ ಹಾಕಿ ಮುಗಿಸಿರ್ತಿದ್ಲು."

ಇನ್‌ಸ್ಪೆಕ್ಟರ್ ಫೋಟೋ ತೆಗೆಯಲಿಲ್ಲ. ಬೂಟು ಬಿಚ್ಚಿ ಗೇಟಿನ ಆಚೆ ಇಟ್ಟು, ರಂಗೋಲಿ ತುಳಿಯದ ಹಾಗೆ ಪಕ್ಕದಿಂದ ಹೋಗಿ, ಮುಗಿಯುವವರೆಗೂ ಜಗುಲಿಯ ಮೇಲೆ ಕೂತಿದ್ದರು.